ಅಳಿಯನ ತಲೆ ಮೇಲಿನ ಕ್ಯಾಪ್ ಬಗ್ಗೆ

ಪುಟ್ಟಾ,

ನಿನ್ನೆ ನಿಮ್ಮಮ್ಮ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದ್ಲು, ಅದ್ರಲ್ಲಿ ಅರ್ಧ ಗಂಟೆ ನಿನ್ನ ಕ್ಯಾಪ್ ಬಗ್ಗೇನೇ. ಊಟಕ್ಕೆ ಕೂತ್ರೂ ತೆಗೆಯಲ್ವಂತೆ. ಮಲಗುವಾಗಾದ್ರೂ ತೆಗೀತಾನಾ ಅಂತ ಕೇಳಿ ನಾನು ನಕ್ಕುಬಿಟ್ಟೆ, ಅವಳಿಗೆ ಸಿಟ್ಟು ಬಂತು, ಆ ತಪ್ಪಿಗೆ ದಂಡ ಈ ಪತ್ರ. ಟೋಪಿ ಹಾಕ್ಬೇಡ ಅಂತ ಹೇಳೋ ಯೋಗ್ಯತೆ ನನಗಿಲ್ಲ ಮಾರಾಯ, 34ಕ್ಕೇ ಕೂದಲು ಕೈಕೊಟ್ಟು ಆಮೇಲೆ 15 ವರ್ಷ ಟೋಪಿ ಒಳಗೇ ಸಂಸಾರ ಮಾಡಿದವನು ನಾನು.

ಆ ಕಾಲದ್ದೊಂದು ಫೋಟೋ ಇದೆ. ಜೊತೆಗೆ ಕೆಲಸ ಮಾಡ್ತಿದ್ದ ಗೆಳೆಯನ ತಂದೆ ತೀರಿಕೊಂಡಿದ್ರು, ಎಲ್ರೂ ತಲೆ ತಗ್ಗಿಸಿ ಒಂದು ನಿಮಿಷ ಮೌನವಾಗಿ ನಿಂತಿದ್ದಾರೆ, ಮಧ್ಯದಲ್ಲಿ ನಾನೊಬ್ಬ ಕೆಂಪು ಕ್ಯಾಪ್ ಹಾಕ್ಕೊಂಡು, ಹಣೆ ಮೇಲೆ ದಪ್ಪಕ್ಷರದಲ್ಲಿ ಯಾವ್ದೋ ಟೈರಿನ ಜಾಹೀರಾತು. ಬೋಳುತಲೆ ಕಾಣತ್ತಲ್ಲ ಅಂತ ತೆಗೀಲಿಲ್ಲ ಅಷ್ಟೇ. ಆವತ್ತು ಯಾರೂ ಏನೂ ಅನ್ಲಿಲ್ಲ, ಇವತ್ತಿನವರೆಗೂ ಅಂದಿಲ್ಲ, ಆದ್ರೆ ಅವನ ಮನೇಲಿ ಆಲ್ಬಮ್ ಹೊರಗೆ ಬಂದ್ರೆ ಸಾಕು, ನಾನು ನೀರು ಕುಡಿಯೋ ನೆಪ ಮಾಡ್ಕೊಂಡು ಎದ್ದು ಹೋಗ್ತೀನಿ. ಟೋಪಿ ತೆಗೀರಿ ಅಂತ ಬಾಯಿಬಿಟ್ಟು ಹೇಳೋರು ತುಂಬಾ ಕಮ್ಮಿ ಕಣೋ, ನಾವೇ ಗಮನಿಸ್ಬೇಕು.

ಟೋಪಿ ಬಗ್ಗೆ ಪಾಶ್ಚಾತ್ಯರ ಹಳೇ ರೂಲ್ಸ್ ಬಹಳ ಉದ್ದ ಇದ್ವು, ಈಗ ಉಳಿದಿರೋದು ಸ್ವಲ್ಪವೇ. ಏರ್‌ಪೋರ್ಟು, ರೈಲ್ವೆ ಸ್ಟೇಷನ್ನು, ದೊಡ್ಡ ಬಿಲ್ಡಿಂಗಿನ ಲಾಬಿ, ಕಾರಿಡಾರು, ಇವಕ್ಕೆ ಚಾವಣಿ ಇದ್ರೂ ಲೆಕ್ಕದಲ್ಲಿ ಬೀದಿನೇ, ಟೋಪಿ ಇರ್ಲಿ. ಇನ್ನೊಬ್ಬರ ಮನೆ ಹೊಸ್ತಿಲು ದಾಟಿದ್ರೆ, ಯಾರದ್ದೋ ಆಫೀಸ್ ರೂಮಿಗೆ ಹೋಗಿ ಕೂತ್ರೆ, ಊಟದ ಟೇಬಲ್ ಮುಂದೆ ಕೂತ್ರೆ, ಕೈಗೆ ಬರ್ಬೇಕು. ಲಿಫ್ಟ್ ಬಗ್ಗೆ ಹಿಂದೆ ದೊಡ್ಡ ಚರ್ಚೆನೇ ಇತ್ತು, ಹೆಂಗಸರು ಒಳಗೆ ಬಂದ್ರೆ ಗಂಡಸರು ಹ್ಯಾಟ್ ತೆಗೀಬೇಕು ಅಂತ, ಈಗ ತುಂಬಿದ ಲಿಫ್ಟಲ್ಲಿ ಟೋಪಿ ತೆಗೆಯೋಕೆ ಹೋಗಿ ಪಕ್ಕದವರ ಮೂಗಿಗೆ ಮೊಣಕೈ ತಾಗಿಸೋದಕ್ಕಿಂತ ಸುಮ್ನೆ ನಿಂತಿರೋದೇ ವಾಸಿ. ನಿನ್ನ ತಂಗಿ ಕೇಳ್ತಾಳೆ, ಹುಡ್ಗೀರಿಗೆ ಯಾಕೆ ರೂಲ್ ಇಲ್ಲ ಅಂತ. ಡ್ರೆಸ್ಸಿನ ಭಾಗವಾಗಿ ಪಿನ್ನು ಹಾಕಿ ಕೂರಿಸಿದ ಹ್ಯಾಟನ್ನ ಹೆಂಗಸರು ಒಳಗೂ ಇಟ್ಕೋಬಹುದು ಅನ್ನೋದು ಹಳೇ ವಿನಾಯಿತಿ. ಬೇಸ್‌ಬಾಲ್ ಕ್ಯಾಪ್‌ಗೆ ಅದಿಲ್ಲ, ಅದು ಯಾರ ತಲೆ ಮೇಲಿದ್ರೂ ಒಂದೇ. ಥಿಯೇಟರಲ್ಲಿ ಹಿಂದಿನ ಸೀಟಿನವನಿಗೆ ಅಡ್ಡ ಬಂದ್ರಂತೂ ಯಾವ ಹ್ಯಾಟಿಗೂ ವಿನಾಯಿತಿ ಇಲ್ಲ.

ರಾಷ್ಟ್ರಗೀತೆಗೆ, ಶವಯಾತ್ರೆ ಹಾದುಹೋಗುವಾಗ, ಮೌನಾಚರಣೆಗೆ ಬೀದಿಯಲ್ಲಿದ್ರೂ ತೆಗಿ. ಅಮೆರಿಕದಲ್ಲಿ ಇದನ್ನ ಕಾನೂನಲ್ಲೇ ಬರೆದಿಟ್ಟಿದ್ದಾರೆ, ರಾಷ್ಟ್ರಗೀತೆ ಹೊತ್ತಲ್ಲಿ ಯೂನಿಫಾರ್ಮ್ ಇಲ್ಲದ ಗಂಡಸರು ಬಲಗೈಲಿ ಟೋಪಿ ತೆಗೆದು ಎಡಭುಜದ ಹತ್ರ ಹಿಡೀಬೇಕು, ಆಗ ಅಂಗೈ ತಾನಾಗೇ ಎದೆ ಮೇಲೆ ಬರತ್ತೆ. ತೆಗೆದ ಟೋಪಿನ ಒಳಭಾಗ ಬೇರೆಯವರಿಗೆ ಕಾಣದ ಹಾಗೆ ನಿನ್ನ ಕಡೆ ತಿರುಗಿಸಿ ಹಿಡ್ಕೋ, ಬೆವರು ಹೀರಿದ ಪಟ್ಟಿ ಯಾರಿಗೂ ನೋಡೋಕೆ ಬೇಡ.

ವಿಡಿಯೋ ಇಂಟರ್‌ವ್ಯೂಗೂ ಕ್ಯಾಪಲ್ಲೇ ಕೂತಿದ್ದೆಯಂತೆ, ಅದನ್ನ ಕೇಳಿ ಮಾತ್ರ ನನಗೆ ನಗು ಬರ್ಲಿಲ್ಲ. ಕ್ಯಾಪಿನ ಅಂಚಿನ ನೆರಳು ನೇರ ಕಣ್ಣಿನ ಮೇಲೆ ಬೀಳತ್ತೆ, ಆ ಕಡೆ ಕೂತವರಿಗೆ ಕಾಣೋದು ಒಂದು ಮೂಗು ಒಂದು ಗದ್ದ. ಕಣ್ಣೇ ಕಾಣದವನು ಎಷ್ಟು ಚೆನ್ನಾಗಿ ಉತ್ತರ ಕೊಟ್ರೂ ಇವನು ನಮಗೇ ಟೋಪಿ ಹಾಕೋಕೆ ಬಂದಿದಾನೆ ಅಂತ ಅನ್ಸಲ್ವಾ. ಈ ಎಲ್ಲಾ ರೂಲ್ಸಲ್ಲಿ ನಾನು ಇವತ್ತಿಗೂ ಒಪ್ಪೋದು ಇದೊಂದನ್ನೇ, ಎದುರಿಗಿರೋರು ನಿನ್ನ ಮುಖ ನೋಡ್ಬೇಕಾದಾಗ ಅಡ್ಡ ಇರೋದನ್ನ ತೆಗೆಯೋದು.

ಹಂಗಂತ ನೀನು ರೂಲ್ಸ್ ಕಲಿತುಬಿಟ್ಟು ಬೇರೆಯವರ ತಲೆ ಎಣಿಸೋಕೆ ಹೋಗ್ಬೇಡ. ಎಲ್ಲಾ ಕಡೆ ತೆಗೆಯೋದೇ ಮರ್ಯಾದೆ ಅಲ್ಲ. ಚರ್ಚಿಗೆ ಹೋದ್ರೆ ಗಂಡಸರು ಟೋಪಿ ತೆಗೀತಾರೆ, ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ಹೋದ್ರೆ ಗಂಡಸರು ತಲೆ ಮುಚ್ಕೋತಾರೆ, ಗುರುದ್ವಾರದಲ್ಲಿ ಗಂಡು ಹೆಣ್ಣು ಎಲ್ಲರೂ ಮುಚ್ಕೋಬೇಕು. ಬ್ರಿಟನ್ ಸಂಸತ್ತಿನ ಕಾಮನ್ಸ್ ಸಭೆಯಲ್ಲಂತೂ ಮತದಾನ ನಡೀತಿರುವಾಗ ಯಾರಾದ್ರೂ ಕ್ರಿಯಾಲೋಪ, ಅಂದ್ರೆ ಸದನದ ನಿಯಮ ತಪ್ಪಿದೆ ಅನ್ನೋ ಆಕ್ಷೇಪ, ಎತ್ತಬೇಕಿದ್ರೆ ಟೋಪಿ ಹಾಕ್ಕೊಂಡು ಕೂತೇ ಮಾತಾಡ್ಬೇಕಿತ್ತು, ಅದಕ್ಕೇ ಅಂತ ಒಂದು ಮಡಚೋ ಹ್ಯಾಟ್ ಸದನದಲ್ಲೇ ಇಟ್ಟಿದ್ರು, 1998ರಲ್ಲಿ ಅದನ್ನ ಕೈಬಿಟ್ರು. ಸಿಖ್ಖರ ಪೇಟ, ಮುಸ್ಲಿಂ ಹೆಣ್ಣುಮಕ್ಕಳ ಹಿಜಾಬು, ಯಹೂದಿಗಳು ನೆತ್ತಿ ಮೇಲೆ ಇಟ್ಕೊಳ್ಳೋ ಪುಟ್ಟ ಕಿಪ್ಪಾ, ಇವ್ಯಾವುವೂ ಹ್ಯಾಟ್ ಅಲ್ಲ, ಈ ರೂಲ್ಸು ಇವಕ್ಕೆ ಅನ್ವಯಿಸಲ್ಲ. ಅಮೆರಿಕದ ಪ್ರತಿನಿಧಿ ಸಭೆ 1837ರಲ್ಲಿ ಹ್ಯಾಟ್ ನಿಷೇಧ ಮಾಡ್ತು, ಧಾರ್ಮಿಕ ಉಡುಪಿಗೆ ಅದ್ರಲ್ಲಿ ಜಾಗ ಬಿಟ್ಟಿದ್ದು 2019ರಲ್ಲಿ!

ಬಲವಂತ ಎಲ್ಲಿಗೆ ಹೋಗತ್ತೆ ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಕಥೆ ವಿಲಿಯಂ ಪೆನ್‌ದು. ಅವನು ಕ್ವೇಕರ್ ಅನ್ನೋ ಕ್ರೈಸ್ತ ಪಂಥದವನು, ಆ ಪಂಥದವರು ಪ್ರಾರ್ಥನೇಲಿ ದೇವರ ಮುಂದೆ ಬಿಟ್ರೆ ಯಾವ ಮನುಷ್ಯನಿಗೂ ಟೋಪಿ ತೆಗೀತಿರ್ಲಿಲ್ಲ. 1670ರಲ್ಲಿ ಲಂಡನ್ ಕೋರ್ಟಿಗೆ ಅವನನ್ನೂ ಅವನ ಜೊತೆಗಾರನನ್ನೂ ಕರ್ಕೊಂಡು ಬಂದಾಗ ಬಾಗಿಲ ಹತ್ರ ಇದ್ದವರು ಇಬ್ಬರ ಟೋಪಿನೂ ತೆಗೆದ್ರು, ಪೀಠದಲ್ಲಿದ್ದ ಮೇಯರ್ ವಾಪಸ್ ಹಾಕಿ ಅಂದ, ಹಾಕಿದ್ರು, ಹಾಕಿದ ಮೇಲೆ ಯಾಕೆ ತೆಗೀಲಿಲ್ಲ ಅಂತ ಇಬ್ಬರಿಗೂ ಆ ಕಾಲದ ಹಣದ ಲೆಕ್ಕದಲ್ಲಿ ತಲಾ 40 ಮಾರ್ಕ್ ದಂಡ. ಯಾರ ತಲೆ ಮೇಲಾದ್ರೂ ಏನಾದ್ರೂ ಇದ್ದು ನಿನ್ನ ಬಾಯಿ ತುರಿಸಿದಾಗ ಈ ಕೋರ್ಟನ್ನ ನೆನಪಿಸ್ಕೋ. ಕ್ಯಾನ್ಸರಿಗೆ ಕೀಮೋ ತಗೊಳ್ತಿರೋ ಎಷ್ಟೋ ಜನಕ್ಕೆ ಕೂದಲು ಪೂರ್ತಿ ಉದುರಿರತ್ತೆ, ಅವರ ಉಲ್ಲನ್ ಟೋಪಿಗೆ ಯಾವ ಊಟದ ಟೇಬಲ್ ರೂಲೂ ಇಲ್ಲ.

ಕ್ಯಾಪ್ ತೆಗೆದ್ರೆ ಕೂದಲು ಚಪ್ಪಟೆಯಾಗಿ ವಿಚಿತ್ರವಾಗಿ ಕಾಣತ್ತೆ ಅಂತ ನಿಮ್ಮಮ್ಮನ ಹತ್ರ ಹೇಳಿದ್ಯಂತೆ. ಬಾಗಿಲ ಹೊರಗೇ ತೆಗೆದು ಬೆರಳಲ್ಲಿ ಎರಡು ಸಲ ಬಾಚ್ಕೊಂಡು ಒಳಗೆ ಹೋಗು, ಬಾಚೋಕೆ ಕೂದಲಿರೋವಾಗ ಇದೂ ಒಂದು ಕಷ್ಟವಾ? ಭಾನುವಾರ ಬರ್ತಿದ್ದೀಯಲ್ಲ, ಅಷ್ಟರಲ್ಲಿ ಆ ಕಪ್ಪು ಕ್ಯಾಪ್‌ನ ಒಳಪಟ್ಟಿ ಸೋಪಿನ ನೀರಲ್ಲಿ ಒಂದ್ಸಲ ತೊಳಿ. ತೆಗೀತೀಯ ಅನ್ನೋದು ಗ್ಯಾರಂಟಿ ಆಯ್ತಲ್ಲ, ಇನ್ನು ಅದರ ವಾಸನೆ ನಮ್ಮ ಪಾಲಿಗೆ.

ನಿನ್ನ ಬೋಳುತಲೆ ಮಾವ