ವೀಕ್ಷಣಾಲಯದ ಮಕ್ಕಳ ಪರೀಕ್ಷೆ ಮುಗಿಯಿತು: ನೆರವಾದವರಿಗೆ ವಂದನೆ

ಹತ್ತನೇ ತರಗತಿ ಪರೀಕ್ಷೆ ಮುಗಿದಿದೆ. ಅಪರಾಧದ ಆರೋಪ ಹೊತ್ತ ಮಕ್ಕಳನ್ನು ವಿಚಾರಣೆಯ ವೇಳೆ ಇರಿಸುವ ವೀಕ್ಷಣಾಲಯದಲ್ಲಿದ್ದುಕೊಂಡು ಬರೆದ ಮಕ್ಕಳ ಹೆಸರು, ಊರು, ಶಾಲೆ ಇಲ್ಲಿ ಹೇಳುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅಡ್ಡ ಇದೆ, ಇರಲೂಬೇಕು. ಅವರ ಬೆನ್ನಿಗೆ ನಿಂತವರಿಗೆ ಸಮಾಲೋಚಕರ ತಂಡದಿಂದ ಈ ನಾಲ್ಕು ಮಾತು.

ಮೊದಲ ವಂದನೆ ಶಾಲಾ ಕಚೇರಿಗಳ ಗುಮಾಸ್ತರಿಗೆ. ಇಂಥ ಮಕ್ಕಳ ಓದು ಎಷ್ಟೋ ಸಲ ನಿಲ್ಲುವುದು ಕಾಗದಪತ್ರ ಸಿಗದ್ದಕ್ಕೆ. ಹಾಜರಾತಿ ಇಲ್ಲವೆಂದು ಹೆಸರು ತೆಗೆದುಬಿಟ್ಟರೆ ಜಾಮೀನಿನ ಮೇಲೆ ಹೊರಬಂದ ಮಗುವಿಗೆ ತರಗತಿಯೇ ಇರುವುದಿಲ್ಲ. 14 ವರ್ಷದವರೆಗೆ ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸಲು ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಬಿಡುವುದಿಲ್ಲ. ಅದಕ್ಕಿಂತ ದೊಡ್ಡವರಿಗೆ ಮುಖ್ಯೋಪಾಧ್ಯಾಯರ ಒಳ್ಳೆಯತನವೇ ಗತಿ. ಅಂಕಪಟ್ಟಿಯನ್ನು ತಡಮಾಡದೆ ಕಳಿಸಿದವರಿಗೆ, ಲಕೋಟೆಯ ಮೇಲೂ ಟಿಸಿಯಲ್ಲೂ ವೀಕ್ಷಣಾಲಯದ ಹೆಸರು ಬಾರದಂತೆ ನೋಡಿಕೊಂಡವರಿಗೆ ಋಣಿ. ಶಾಲೆಗೆ ಮರಳಲಾಗದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್‌ಐಒಎಸ್) ದಾರಿಯಾಯಿತು: 14 ತುಂಬಿದ್ದರೆ ಸಾಕು, ಒಮ್ಮೆ ನೋಂದಾಯಿಸಿದರೆ ಐದು ವರ್ಷ, ಪರೀಕ್ಷೆ ಬರೆಯಲು ಒಂಬತ್ತು ಅವಕಾಶ.

ಕಾವಲು ಸಿಬ್ಬಂದಿಯನ್ನು ಯಾರೂ ನೆನೆಯುವುದಿಲ್ಲ. ಕಣ್ಣಿಗೆ ಕಾಣುವಷ್ಟು ಹತ್ತಿರ, ಮಾತು ಕೇಳಿಸದಷ್ಟು ದೂರ ನಿಂತವರು ಅವರು. ಆ ಅಂತರವಿಲ್ಲದಿದ್ದರೆ ಸಮಾಲೋಚನೆ ಬರೀ ಹೆಸರಿಗೆ.

ಬೋಧಕರದ್ದು ಬೇರೆಯೇ ತಾಳ್ಮೆ. ಮೊದಲ ವಾರದಲ್ಲಿ ನಿದ್ದೆಗೇಡು, ಭಯ, ಕೆಲವರಿಗೆ ವ್ಯಸನ ಬಿಟ್ಟ ನಡುಕ. ಆಗ ಓದಿಸಿ ನೋಡಿದರೆ ಮಗು ಇರುವುದಕ್ಕಿಂತ ದಡ್ಡನಂತೆ ಕಾಣುತ್ತದೆ. ಅದಕ್ಕೇ ಕಾದರು. ಆಮೇಲೆ ಒಂಬತ್ತನೇ ತರಗತಿಯ ಹುಡುಗನ ಮುಂದೆ ನಾಲ್ಕನೇ ತರಗತಿಯ ಪಾಠ ಇಟ್ಟರು, ತಡವರಿಸಿದರೆ ಎರಡನೆಯದು. ಬೋರ್ಡಿನಿಂದ ಚೆಂದವಾಗಿ ನಕಲು ಮಾಡುವ ಕೆಲವರಿಗೆ ಓದಲು ಬಾರದು, ಇನ್ನು ಕೆಲವರಿಗೆ ಕನ್ನಡಕವಷ್ಟೇ ಬೇಕು. ‘ಏನು ಮಾಡಿ ಬಂದೆ?’ ಎಂದು ಯಾರೂ ಕೇಳಲಿಲ್ಲ. ಪ್ರಕರಣ ವಿಚಾರಣೆಯಲ್ಲಿರುವಾಗ ಆ ಉತ್ತರ ಪಾಠದ ಕೋಣೆಗೆ ಸೇರಿದ್ದಲ್ಲ.

ಕೊನೆಗೆ, ಮಕ್ಕಳ ಪ್ರಕರಣದ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿಗಳು. ಪರೀಕ್ಷಾ ವೇಳಾಪಟ್ಟಿ ಪ್ರಕಟವಾದ ಕೂಡಲೇ ಈ ಪ್ರಕರಣಗಳ ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿಗೆ ಸಲ್ಲಿಸಿ, ವಿಚಾರಣೆಯ ದಿನಗಳು ಡಿಕ್ಕಿಯಾಗದಂತೆ ಮಾಡಿದರು. ಕೇಂದ್ರಕ್ಕೆ ಮಕ್ಕಳ ಜೊತೆ ಮಫ್ತಿಯಲ್ಲಿ ಬಂದ ಪೊಲೀಸರಿಗೂ ವಂದನೆ. ಮತ್ತೊಮ್ಮೆ ಪರೀಕ್ಷೆ ಬರೆಯಬೇಕಾದವರು ಇನ್ನೂ ಇದ್ದಾರೆ. ಅವರ ಹಾಲ್ ಟಿಕೆಟ್ ಹೊತ್ತಿಗೂ ನೀವೆಲ್ಲ ಬೇಕು.