ಆ ಹಸಿರು ಯಾರದು?

ಮಾನ್ಯ ಸಂಪಾದಕರೇ,

ಕಳೆದ ವಾರ ವಿಜ್ಞಾನ ಪುಟದಲ್ಲಿ ಅಚ್ಚಾದ ಜೀವಕೋಶದ ಚಿತ್ರ ನೋಡಿ, ಏಳನೇ ತರಗತಿಯ ನನ್ನ ಮೊಮ್ಮಗಳು ‘ತಾತ, ನಮ್ಮ ಮೈಯೊಳಗೂ ಇಷ್ಟು ಹಸಿರು ಇದೆಯೇ?’ ಎಂದು ಕೇಳಿದಳು. ಚಿತ್ರದ ಕೆಳಗೆ ‘ಜೀವಕೋಶ’ ಎಂದಷ್ಟೇ ಇತ್ತು. ಯಾವ ಪ್ರಾಣಿಯದು, ಎಷ್ಟು ದೊಡ್ಡದು, ಬದುಕಿತ್ತೋ ಸತ್ತಿತ್ತೋ, ಒಂದೂ ಇಲ್ಲ.

ಶಿಡ್ಲಘಟ್ಟದ ಕಡೆ, ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತವನು ನಾನು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಒಂದು ತೊಟ್ಟು ರಸವನ್ನು ಗಾಜಿನ ಪಟ್ಟಿಗೆ ಹಾಕಿ, 600 ಪಟ್ಟು ಹಿಗ್ಗಿಸಿ, ತಾಯಿಯಿಂದ ಮೊಟ್ಟೆಗೂ ದಾಟುವ ಗಂಟು ರೋಗದ ಕಣ ಹುಡುಕುತ್ತಿದ್ದೆವು. ಅಂಡಾಕಾರದ, ಮಿನುಗುವ ಕಣ ಕಂಡರೆ ಮೊಟ್ಟೆಗಳನ್ನು ಸುಡಲೇಬೇಕು. 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಹಾಕಿಕೊಟ್ಟ ದಾರಿಯದು. ಆದರೆ ನಾವು ನೋಡಿದ್ದೆಲ್ಲ ಅರೆದ ಹೆಣ. ಬದುಕಿರುವ ಹುಳುವಿನೊಳಗೆ ರೋಗ ಹೇಗೆ ಹಬ್ಬುತ್ತದೆ ಎಂಬುದನ್ನು ನಾನೊಮ್ಮೆಯೂ ಕಾಣಲಿಲ್ಲ.

ಬದುಕಿರುವ ಕೋಶ ಬಹುಪಾಲು ನೀರಿನಂತೆ ಪಾರದರ್ಶಕ. ಬಣ್ಣ ಹಾಕಬೇಕೆಂದರೆ ಹಿಂದೆ ಸಾಮಾನ್ಯವಾಗಿ ಅದನ್ನು ಕೊಲ್ಲಬೇಕಿತ್ತು. ಡಚ್ ವಿಜ್ಞಾನಿ ಫ್ರಿಟ್ಸ್ ಜೆರ್ನಿಕೆ ಬಣ್ಣದ ಗೊಡವೆಗೇ ಹೋಗಲಿಲ್ಲ. ಕೋಶದ ಒಂದೊಂದು ಭಾಗವನ್ನು ಹಾದು ಬರುವ ಬೆಳಕಿಗೆ ಆಗುವ ಚೂರುಪಾರು ತಡವನ್ನೇ ಕಪ್ಪು-ಬಿಳುಪಾಗಿ ಕಾಣಿಸಿದರು. 1953ರಲ್ಲಿ ಅವರಿಗೆ ನೊಬೆಲ್ ಬಂತು. ನಿಮ್ಮ ಚಿತ್ರದ ಹಸಿರು ಬಹುಶಃ ಜೆಲ್ಲಿ ಮೀನಿನ ಸಾಲ. 1962ರಲ್ಲಿ ಜಪಾನಿನ ವಿಜ್ಞಾನಿ ಒಸಾಮು ಶಿಮೊಮುರಾ ಅದರಲ್ಲಿ ಪತ್ತೆ ಮಾಡಿದ ಪ್ರೋಟೀನಿನ ಮೇಲೆ ನೀಲಿ ಬೆಳಕು ಬಿದ್ದರೆ ಅದು ಹಸಿರು ಸೂಸುತ್ತದೆ. ಅದರ ಜೀನನ್ನು ಬೇಕಾದ ಪ್ರೋಟೀನಿನ ಜೀನಿಗೆ ಜೋಡಿಸಿದರೆ, ಆ ಪ್ರೋಟೀನ್ ಜೀವಂತ ಕೋಶದಲ್ಲಿ ಎಲ್ಲೆಲ್ಲಿ ಸುಳಿಯುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು. ಹಾಗೆಂದು ಬೆಳಕು ಸುರಿಯುವಂತಿಲ್ಲ, ಅತಿಯಾದರೆ ಕೋಶವೇ ನರಳುತ್ತದೆ. ಎಷ್ಟೋ ಸಲ ಕ್ಯಾಮೆರಾ ಹಿಡಿಯುವುದು ಕಪ್ಪು-ಬಿಳುಪನ್ನು ಮಾತ್ರ. ಬಣ್ಣ ತುಂಬುವುದು ಕಂಪ್ಯೂಟರ್. ಇದು ಮೋಸವೇನಲ್ಲ, ಓದುಗರಿಗೆ ಹೇಳಬೇಕಷ್ಟೆ.

ಕ್ರಿಕೆಟ್ ಚಿತ್ರದ ಕೆಳಗೆ ಆಟಗಾರ, ಮೈದಾನ ಎಲ್ಲವನ್ನೂ ಹಾಕುತ್ತೀರಿ. ಜೀವಕೋಶಕ್ಕೂ ಒಂದು ಸಾಲು ಕೊಡಿ. ‘ಇಷ್ಟು ಪಟ್ಟು’ ಎಂದು ಬರೆಯುವ ಬದಲು ಮೂಲೆಯಲ್ಲೊಂದು ಅಳತೆಗೆರೆ, ಅಂದರೆ ನಿಜದಲ್ಲಿ ಎಷ್ಟುದ್ದ ಎಂದು ಬರೆದ ಪುಟ್ಟ ಗೆರೆ, ಇರಲಿ. ಪುಟಕ್ಕೆ ಹೊಂದಿಸಲು ಚಿತ್ರವನ್ನು ಕುಗ್ಗಿಸಿದರೆ ಗೆರೆಯೂ ಜೊತೆಗೇ ಕುಗ್ಗುತ್ತದೆ, ಲೆಕ್ಕ ತಪ್ಪುವುದಿಲ್ಲ. ಮೊಮ್ಮಗಳು ಆ ಚಿತ್ರವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗೆ ಎರಡು ಸಾಲು ಖಾಲಿ ಬಿಟ್ಟುಕೊಂಡಿದ್ದಾಳೆ. ವಿವರ ಪ್ರಕಟಿಸಿದರೆ ಉಪಕಾರ.

— ಬಿತ್ತನೆ ಕೋಠಿಯ ನಿವೃತ್ತ ನೌಕರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ