ಮೋಡ ಇದೆ ಅಂತ ಬರೆದರೆ ಸಾಲದು, ಎಷ್ಟು ದಟ್ಟ ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಹವಾಮಾನದ ಅಂಕಣವನ್ನು ದಿನಾ ಓದುವವರಲ್ಲಿ ನಾನೂ ಒಬ್ಬ. ಉಷ್ಣಾಂಶ, ಮಳೆ, ಗಾಳಿ ಎಲ್ಲವನ್ನೂ ಅಂಕಿಯಲ್ಲಿ ಕೊಡುತ್ತೀರಿ. ಆಕಾಶದ ವಿಷಯಕ್ಕೆ ಬಂದರೆ ಮಾತ್ರ 'ಮೋಡ ಕವಿದ ವಾತಾವರಣ' ಅಂತ ಒಂದೇ ಸಾಲು. ತೆಳ್ಳನೆಯ ಬಿಳಿ ಪರದೆ ಇದ್ದ ದಿನವೂ ಅದೇ ಸಾಲು, ಮಧ್ಯಾಹ್ನಕ್ಕೇ ದೀಪ ಹಾಕಬೇಕಾದ ದಿನವೂ ಅದೇ ಸಾಲು. ಆಕಾಶ ಎಷ್ಟು ಮುಚ್ಚಿದೆ ಅನ್ನುವುದು ಒಂದು ಲೆಕ್ಕ, ಮುಚ್ಚಿದ್ದು ಎಷ್ಟು ದಟ್ಟವಾಗಿದೆ ಅನ್ನುವುದು ಬೇರೆಯೇ ಲೆಕ್ಕ. ಆ ಎರಡನೆಯದನ್ನೂ ಕೊಡಿ ಅಂತ ಕೇಳುವುದಕ್ಕೇ ಈ ಪತ್ರ.

ಮೊದಲನೆಯ ಲೆಕ್ಕ ಸುಲಭ. ಹವಾಮಾನದವರು ಆಕಾಶವನ್ನು ಎಂಟು ಪಾಲು ಮಾಡಿ, ಅದರಲ್ಲಿ ಎಷ್ಟು ಪಾಲನ್ನು ಮೋಡ ಮುಚ್ಚಿದೆ ಅಂತ ನೋಡುತ್ತಾರೆ. ಒಂದು ಪಾಲಿಗೆ ಓಕ್ಟಾ ಅಂತ ಹೆಸರು. 0 ಅಂದರೆ ಶುಭ್ರ, 8 ಅಂದರೆ ಪೂರ್ತಿ ಮುಚ್ಚಿದೆ. ಅದರ ಮೇಲೆ 9 ಕೂಡ ಇದೆ, ಮಂಜೋ ಸುರಿಯುವ ಹಿಮವೋ ಅಡ್ಡ ಬಂದು ಆಕಾಶವೇ ಕಾಣದಿದ್ದಾಗ ಬರೆಯುವ ಅಂಕಿ ಅದು. ಆದರೆ 8 ಅಂತ ಬರೆದುಬಿಟ್ಟರೆ ಆ ದಿನ ಬೆಳಕು ಹೇಗಿತ್ತು ಅಂತ ಗೊತ್ತಾಗುವುದಿಲ್ಲ. ತುಂಬಾ ಎತ್ತರದಲ್ಲಿ ಹರಡುವ ಸಿರೋಸ್ಟ್ರೇಟಸ್ ಮೋಡ ಆಕಾಶವನ್ನೆಲ್ಲ ಆವರಿಸಿದ್ದರೂ ನೆಲದ ಮೇಲೆ ನೆರಳು ಬೀಳುತ್ತದೆ, ಎಷ್ಟೋ ಸಲ ಸೂರ್ಯನಿಂದ 22 ಡಿಗ್ರಿ ದೂರದಲ್ಲಿ ಸುತ್ತಲೂ ಬೆಳಕಿನ ಉಂಗುರ ಕಾಣುತ್ತದೆ. ಅದಕ್ಕಿಂತ ಕೆಳಗಿನ ಆಲ್ಟೋಸ್ಟ್ರೇಟಸ್‌ನಲ್ಲಿ ಎರಡು ಬಗೆ. ಟ್ರಾನ್ಸ್‌ಲೂಸಿಡಸ್ ಆದರೆ ಸೂರ್ಯ ಎಲ್ಲಿದ್ದಾನೆ ಅಂತ ಮಸುಕುಮಸುಕಾಗಿ ತಿಳಿಯುತ್ತದೆ, ನೆರಳು ಮಾತ್ರ ಇರುವುದಿಲ್ಲ. ಓಪೇಕಸ್ ಆದರೆ ಅವನಿರುವ ಜಾಗವೂ ತಿಳಿಯುವುದಿಲ್ಲ. ಈ ಮೂರು ದಿನಕ್ಕೂ ಅಂಕಿ 8! ಇಂಗ್ಲೆಂಡಿನ ಹವಾಮಾನ ಆಸಕ್ತ ಲ್ಯೂಕ್ ಹೋವರ್ಡ್ 1802ರಲ್ಲಿ ಮೋಡಗಳಿಗೆ ಲ್ಯಾಟಿನ್ ಹೆಸರಿಡಲು ಶುರು ಮಾಡಿದ ಮೇಲೆ ಬಂದವರು ದಟ್ಟಣೆಗೂ ಹೆಸರು ಕೊಟ್ಟು ಹೋಗಿದ್ದಾರೆ. ಅದನ್ನು ಓದುಗರಿಗೆ ತಲುಪಿಸುವ ಕೆಲಸ ಮಾತ್ರ ಬಾಕಿ ಉಳಿದಿದೆ.

ಇದೆಲ್ಲ ಯಾಕೆ ಬೇಕು ಅಂತ ಕೇಳಬಹುದು. ನೇರ ಬಿಸಿಲಿನಲ್ಲಿ ನೆಲಕ್ಕೆ ಸುಮಾರು ಒಂದು ಲಕ್ಷ ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು ಬೀಳುತ್ತದೆ. ದಟ್ಟ ಮೋಡ ಇದ್ದರೆ ಅದು ಕೆಲವೇ ಸಾವಿರಕ್ಕೆ ಇಳಿಯುತ್ತದೆ. ಸೌರಫಲಕ ಹಾಕಿಸಿಕೊಂಡವರಿಗೆ, ಬಿಸಿಲನ್ನೇ ನಂಬಿ ಏನನ್ನಾದರೂ ಒಣಗಿಸುವವರಿಗೆ, ಕಣ್ಣು ಮಂಜಾದ ವಯಸ್ಸಾದವರಿಗೆ ಈ ವ್ಯತ್ಯಾಸ ತುಂಬಾ ದೊಡ್ಡದು. ರಾತ್ರಿಯ ಕಥೆ ಇನ್ನೊಂದು ಥರ. ನೆಲದಿಂದ ಮೇಲೇಳುವ ಶಾಖದ ಕಿರಣಗಳಿಗೆ ನೀರಿನ ಹನಿಗಳ ಮೋಡ ಅಷ್ಟೇನೂ ದಪ್ಪ ಇಲ್ಲದಿದ್ದರೂ ಅಡ್ಡ ನಿಲ್ಲುತ್ತದೆ, ಅದಕ್ಕೇ ಮೋಡದ ರಾತ್ರಿ ಚಳಿ ಕಮ್ಮಿ.

ಕಪ್ಪು ಮೋಡ ಅಂದರೆ ಹೊಟ್ಟೆ ತುಂಬಾ ನೀರು ಅಂತ ನಮ್ಮಲ್ಲಿ ಬಹಳ ಜನ ತಿಳಿದುಕೊಂಡಿದ್ದಾರೆ. ಮೋಡದ ತಳ ಕಪ್ಪಗೆ ಕಾಣುವುದು ಬೆಳಕು ಮೇಲಕ್ಕೂ ಪಕ್ಕಕ್ಕೂ ಚದುರಿ ಹೋಗಿ ಕೆಳಗೆ ಸ್ವಲ್ಪವೇ ಇಳಿಯುವುದರಿಂದ. ಅದೇ ಮೋಡವನ್ನು ವಿಮಾನದಿಂದ ನೋಡಿದರೆ ಕಣ್ಣು ಕೋರೈಸುವಷ್ಟು ಬಿಳಿ. ನೀರು ಎಷ್ಟಿದೆ ಅನ್ನುವಷ್ಟೇ ಮುಖ್ಯ, ಅದು ಎಷ್ಟು ಸಣ್ಣ ಹನಿಗಳಾಗಿ ಒಡೆದಿದೆ ಅನ್ನುವುದು. ಮಂಜನ್ನೇ ತೆಗೆದುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಒಂದು ಗ್ರಾಂನ ಹತ್ತನೇ ಒಂದು ಪಾಲು ನೀರು ಇದ್ದರೆ ಸಾಕು, 100–200 ಮೀಟರ್ ಆಚೆ ಏನೂ ಕಾಣದಂತೆ ಆಗುತ್ತದೆ. ಹದವಾಗಿ ಸುರಿಯುವ ಮಳೆಯಲ್ಲಿ ಅದಕ್ಕಿಂತ ಜಾಸ್ತಿ ನೀರು ಗಾಳಿಯಲ್ಲಿರುತ್ತದೆ, ಆದರೂ ಕಿಲೋಮೀಟರುಗಟ್ಟಲೆ ದೂರ ಕಾಣುತ್ತದೆ. ಮೋಡದ ಹನಿಯ ಅಗಲ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲು, ಅಷ್ಟೇ. ಅಂಥ ಸುಮಾರು ಹತ್ತು ಲಕ್ಷ ಹನಿ ಸೇರಿದರೆ ಒಂದು ಮಳೆಹನಿ. ನೀರು ಅಷ್ಟೇ ಇದ್ದು ಹನಿಯ ಅಗಲ ಅರ್ಧವಾದರೆ, ಕಾಣುವ ದೂರವೂ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ 'ದಟ್ಟ ಮಂಜು' ಅಂತಷ್ಟೇ ಹಾಕಿದರೆ ರಸ್ತೆಯಲ್ಲಿ ಗಾಡಿ ಓಡಿಸುವವನಿಗೆ ಪ್ರಯೋಜನವಿಲ್ಲ. ಕಾಣುವ ದೂರ 1,000 ಮೀಟರ್‌ಗಿಂತ ಕಮ್ಮಿ ಆದರೇ ಅದು ಲೆಕ್ಕದಲ್ಲಿ ಮಂಜು. ಆದರೆ 800 ಮೀಟರಿನ ಮಂಜೂ 40 ಮೀಟರಿನ ಮಂಜೂ ಒಂದೇ ಅಲ್ವಲ್ಲ? ದಯವಿಟ್ಟು ಮೀಟರ್ ಬರೆಯಿರಿ.

ಹೆಪ್ಪುಗಟ್ಟಿ ಬೀಳುವುದರಲ್ಲೂ ಇದೇ ಲೆಕ್ಕ ನಡೆಯುತ್ತದೆ. ಹಿಮದ ಒಂದೊಂದು ಹರಳೂ ಪಾರದರ್ಶಕವೇ. ಗಾಜನ್ನು ಪುಡಿ ಮಾಡಿದರೆ ಬೆಳ್ಳಗೆ ಕಾಣುವ ಹಾಗೆ, ಹರಳುಗಳ ನಡುವೆ ಗಾಳಿ ಸೇರಿಕೊಂಡು ಬೆಳಕು ಅಲ್ಲಲ್ಲೇ ತಿರುಗಿ ವಾಪಸ್ ಬರುವುದರಿಂದ ರಾಶಿ ಬೆಳ್ಳಗಾಗುತ್ತದೆ. ಹೊಸದಾಗಿ ಬಿದ್ದ ಹಿಮ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಿಂದ 90ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಮೇಲೆ ದಟ್ಟ ಮೋಡ, ಕೆಳಗೆ ಇಂಥ ಹಿಮ ಇದ್ದರೆ ಗಾಳಿ ತಿಳಿಯಾಗಿದ್ದರೂ ಕಣ್ಣು ಮೋಸ ಹೋಗುತ್ತದೆ. ನೆರಳಿಲ್ಲ, ಏರು ತಗ್ಗು ಗೊತ್ತಾಗುವುದಿಲ್ಲ, ಆಕಾಶ ಎಲ್ಲಿ ಮುಗಿಯಿತು ನೆಲ ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಇದಕ್ಕೆ ವೈಟ್‌ಔಟ್ ಅನ್ನುತ್ತಾರೆ. 1979ರ ನವೆಂಬರ್ 28ರಂದು ಅಂಟಾರ್ಕ್ಟಿಕಾ ತೋರಿಸಲು ಪ್ರವಾಸಿಗರನ್ನು ಕರೆದೊಯ್ದಿದ್ದ ಏರ್ ನ್ಯೂಜಿಲೆಂಡ್ ವಿಮಾನ ಅಲ್ಲಿನ ಎರೆಬಸ್ ಪರ್ವತಕ್ಕೆ ಬಡಿದು 257 ಜನ ಸತ್ತರು. ವಿಮಾನ ಸಾಗಬೇಕಾದ ದಾರಿಯ ಅಕ್ಷಾಂಶ-ರೇಖಾಂಶದ ಅಂಕಿಗಳನ್ನು ಪೈಲಟ್‌ಗಳಿಗೆ ತಿಳಿಸದೆ ಬದಲಾಯಿಸಿದ್ದು ದೊಡ್ಡ ತಪ್ಪು, ನಿಜ. ಆದರೆ ಎದುರಿಗೇ ಇದ್ದ ಬೆಟ್ಟ ಅವರಿಗೆ ಕಾಣಲಿಲ್ಲ ಅನ್ನುವುದಕ್ಕೆ ನ್ಯಾಯಮೂರ್ತಿ ಮಹೊನ್ ಅವರ ವಿಚಾರಣೆ ಕೊಟ್ಟ ಕಾರಣ ಈ ವೈಟ್‌ಔಟ್. ಅವರು ಮೋಡದ ಒಳಗೆ ಇರಲಿಲ್ಲ, ಮೋಡದ ಕೆಳಗಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬಿಳಿಯೇ ಅಪಾಯ ಅಂತಲೂ ಅಲ್ಲ. ಮಂಜಿನ ಸಣ್ಣ ಹನಿಗಳು ತಣ್ಣನೆಯ ಕಂಬಿಗೆ ತಗಲಿ ಗಪ್ಪಂತ ಹೆಪ್ಪುಗಟ್ಟಿದರೆ ನಡುವೆ ಗಾಳಿ ಸಿಕ್ಕಿಕೊಂಡು ಬೆಳ್ಳಗಾಗುತ್ತದೆ, ಮುಟ್ಟಿದರೆ ಉದುರುತ್ತದೆ. ಸೊನ್ನೆಗಿಂತ ಕೆಳಗಿನ ಉಷ್ಣಾಂಶದಲ್ಲೂ ನೀರಾಗಿಯೇ ಉಳಿದ ಮಳೆಹನಿ ರಸ್ತೆಗೆ ಬಿದ್ದು ಹರಡಿಕೊಂಡು ನಿಧಾನವಾಗಿ ಹೆಪ್ಪುಗಟ್ಟಿದರೆ ಗಾಜಿನಷ್ಟು ತಿಳಿಯಾದ ಪದರ ಆಗುತ್ತದೆ. ಕೆಳಗಿನ ಡಾಂಬರೇ ಕಾಣುವುದರಿಂದ ಮಂಜುಗಡ್ಡೆ ಇದೆ ಅಂತಲೇ ಗೊತ್ತಾಗುವುದಿಲ್ಲ, ಚಕ್ರ ಜಾರಿದ ಮೇಲೇ ತಿಳಿಯುವುದು.

ಇನ್ನು ಆಲಿಕಲ್ಲು. ಅಗಲ 5 ಮಿಲಿಮೀಟರ್ ಮುಟ್ಟಿದರೆ ಮಾತ್ರ ಅದು ಆಲಿಕಲ್ಲು. ಅದಕ್ಕಿಂತ ಸಣ್ಣದಾಗಿ, ಬೆಳ್ಳಗೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವುದು ಗ್ರಾಪೆಲ್. ದೊಡ್ಡ ಆಲಿಕಲ್ಲನ್ನು ಎರಡು ಹೋಳು ಮಾಡಿ ಬೆಳಕಿಗೆ ಹಿಡಿದು ನೋಡಿ. ನಡುವೆ ಬಿಳಿ ಮುದ್ದೆ, ಅದರ ಸುತ್ತ ತಿಳಿ ಬಳೆ, ಮತ್ತೆ ಬಿಳಿ ಬಳೆ, ಹೀಗೆ ಒಂದರ ಮೇಲೊಂದು. ಬಿಳಿ ಬಳೆಯಲ್ಲಿ ಕಣ್ಣಿಟ್ಟು ನೋಡಿದರೆ ಸೂಜಿಮೊನೆಯಷ್ಟು ಗಾಳಿಗುಳ್ಳೆಗಳು ಕಾಣುತ್ತವೆ. ಹನಿಗಳು ತಗಲಿದ ಕ್ಷಣವೇ ಹೆಪ್ಪುಗಟ್ಟಿದಾಗ ಗಾಳಿಗೆ ಹೊರಗೆ ಹೋಗಲು ಪುರುಸೊತ್ತಿಲ್ಲ, ಅದೇ ಬಿಳಿ ಪದರ. ನೀರು ಜಾಸ್ತಿ ಬಡಿದಾಗ ಹೆಪ್ಪುಗಟ್ಟುವಾಗ ಬಿಡುಗಡೆಯಾಗುವ ಶಾಖವೇ ಮೈಯನ್ನು ಒದ್ದೆಯಾಗಿ ಇಡುತ್ತದೆ, ಗುಳ್ಳೆ ತಪ್ಪಿಸಿಕೊಳ್ಳುತ್ತದೆ, ಪದರ ತಿಳಿಯಾಗುತ್ತದೆ. ಒಂದೊಂದು ಪದರಕ್ಕೂ ಆಲಿಕಲ್ಲು ಒಂದೊಂದು ಸಲ ಮೋಡದಲ್ಲಿ ಮೇಲೆ ಕೆಳಗೆ ಓಡಾಡಿತು ಅಂತ ಶಾಲೆಯಲ್ಲಿ ಕಲಿಸುತ್ತಾರೆ. ಅಷ್ಟು ಸರಳವಲ್ಲ. ಒಂದೇ ಪಯಣದಲ್ಲಿ ನೀರು ಜಾಸ್ತಿ ಇರುವ ಕಡೆ, ಕಮ್ಮಿ ಇರುವ ಕಡೆ ಹಾದುಹೋದರೂ ಇಂಥ ಪದರಗಳು ಕಟ್ಟುತ್ತವೆ.

ಆಲಿಕಲ್ಲು ಮಕ್ಕಳ ಆಟವಲ್ಲ. 1888ರ ಏಪ್ರಿಲ್ 30ರಂದು ಮೊರಾದಾಬಾದಿನ ಬಳಿ 246 ಜನ ಆಲಿಕಲ್ಲಿಗೆ ಸಿಕ್ಕಿ ಸತ್ತರು. 1986ರಲ್ಲಿ ಬಾಂಗ್ಲಾದೇಶದ ಗೋಪಾಲ್‌ಗಂಜ್‌ನಲ್ಲಿ ಬಿದ್ದ ಒಂದರ ತೂಕ 1.02 ಕೆ.ಜಿ. ಇಂಥದ್ದರ ಸುದ್ದಿಯಲ್ಲಿ ಅಂಗೈಯಲ್ಲಿ ಹಿಡಿದ ಫೋಟೊ ಒಂದು ಹಾಕಿ ಬಿಡುತ್ತಾರೆ, ಅಂಗೈ ಯಾರದ್ದು, ಎಷ್ಟು ದೊಡ್ಡದು ಅಂತ ಯಾರಿಗೆ ಗೊತ್ತು?

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ನಾಳೆಯಿಂದ ಅಂಕಣದಲ್ಲಿ ಓಕ್ಟಾ ಅಂಕಿ ಹಾಕಿ, ಅದರ ಪಕ್ಕ 'ನೆರಳು ಬೀಳುತ್ತದೆ', 'ಸೂರ್ಯ ಮಸುಕು', 'ಸೂರ್ಯ ಕಾಣುವುದಿಲ್ಲ' ಈ ಮೂರರಲ್ಲಿ ಒಂದನ್ನು ಸೇರಿಸಿ. ಇದಕ್ಕೆ ಯಂತ್ರ ಬೇಡ, ನಿಮ್ಮ ವರದಿಗಾರರು ಕಚೇರಿಯಿಂದ ಹೊರಗೆ ಬಂದು ಒಮ್ಮೆ ನೆಲ, ಒಮ್ಮೆ ಆಕಾಶ ನೋಡಿದರೆ ಸಾಕು. ಮಂಜಿನ ದಿನ ಎಷ್ಟು ಮೀಟರ್ ಕಾಣುತ್ತದೆ ಅಂತ ಬರೆಯಿರಿ. ಆಲಿಕಲ್ಲು ಬಿದ್ದರೆ ಮಳೆ ನಿಂತ ಮೇಲೆ ಒಂದೆರಡನ್ನು ಆಯ್ದು, ಗಾಳಿಯಾಡದ ಕವರಿನಲ್ಲಿ ಹಾಕಿ ಕೂಡಲೇ ಫ್ರೀಜರ್‌ನಲ್ಲಿ ಇಡುವಂತೆ ಓದುಗರಿಗೆ ಹೇಳಿ, ಕರಗಿದ ಮೇಲೆ ಪದರ ಎಣಿಸಲಾಗುವುದಿಲ್ಲ. ಫೋಟೊ ಕಳಿಸುವವರು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟೇ ತೆಗೆಯಲಿ, ಸಾಧ್ಯವಾದರೆ ಹೋಳು ಮಾಡಿದ್ದರ ಫೋಟೊ ಕೂಡ ಇರಲಿ.

ಇಂತಿ,
ನಿಮ್ಮ ಓದುಗ